ದೇವಾಲಯ ಚಕ್ರವರ್ತಿಯ ಊರಿಗೆ ಬಂದವರು ರಾತ್ರಿ ಎಲ್ಲಿ ಉಳಿಯಬೇಕು?

ಗದಗದಿಂದ ಕೊಪ್ಪಳಕ್ಕೆ ಹೋಗುವ ಹೆದ್ದಾರಿಯಲ್ಲಿ ಬನ್ನಿಕೊಪ್ಪ ಸಿಗುತ್ತದೆ. ಅಲ್ಲಿಂದ ಒಳದಾರಿ ಹಿಡಿದರೆ ಎರೆಹೊಲಗಳ ನಡುವೆ ಇಟಗಿ ಎಂಬ ಊರು. ಬೇಸಿಗೆಯಲ್ಲಿ ಇಲ್ಲಿನ ಕರಿನೆಲ ಬಿರಿದು ಬಾಯ್ದೆರೆದಿರುತ್ತದೆ. ಹಿಂಗಾರಿನಲ್ಲಿ ಅದೇ ನೆಲ ಜೋಳ, ಕಡಲೆಗಳಿಂದ ಹಸಿರಾಗುತ್ತದೆ. ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದೂ ಹೇಳಿದ ಹೊತ್ತಿಗೆ ಬರುವ ಮಳೆಯಲ್ಲ.

ಇಂಥ ಬಯಲಿನಲ್ಲಿ, ಊರ ಮನೆಗಳ ಹಿಂದೆ, ಬೂದು ಹಸಿರು ಬಣ್ಣದ ಶಿಖರವೊಂದು ಕಾಣಿಸುತ್ತದೆ. ಅದು ಮಹಾದೇವ ದೇವಾಲಯ. ಕಟ್ಟಿದವರ ಕಾಲದ ಶಾಸನವೇ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಹಂಪಿ ನೋಡಿಕೊಂಡು ಬಂದವರು, ಲಕ್ಕುಂಡಿ ನೋಡಿಕೊಂಡು ಬಂದವರು ಇಲ್ಲಿಗೂ ಬರುತ್ತಾರೆ. ಕಂಬಗಳನ್ನು ಮುಟ್ಟಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಪುಷ್ಕರಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು ಹೊರಡುತ್ತಾರೆ. ರಾತ್ರಿ ತಂಗಲು ಗದಗಕ್ಕೋ ಕೊಪ್ಪಳಕ್ಕೋ ಹೊಸಪೇಟೆಗೋ ಹೋಗುವುದು ವಾಡಿಕೆ. ಊಟದ ದುಡ್ಡು, ಕೋಣೆಯ ಬಾಡಿಗೆ, ಮನೆಗೆ ಒಯ್ಯುವ ನೆನಪಿನ ಸಾಮಾನಿನ ಬೆಲೆ ಎಲ್ಲವೂ ಆ ಪಟ್ಟಣಗಳಿಗೇ ಸೇರುತ್ತವೆ.

900 ವರ್ಷಗಳ ಹಿಂದೆ ಹೀಗಿರಲಿಲ್ಲ. ಅಂದು ಇಂಥದೊಂದು ದೇವಾಲಯ ಎದ್ದಿತೆಂದರೆ ಅದರ ಜೊತೆಗೆ ಅಂಗಡಿ, ಕಸುಬು, ಕಲೆ, ಛತ್ರಗಳೂ ಏಳುತ್ತಿದ್ದವು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಒಂದು ಊರು ಬೇಸಾಯವೊಂದನ್ನೇ ನಂಬದೆ ಬದುಕುವ ದಾರಿ ಅದಾಗಿತ್ತು. ಆ ಏರ್ಪಾಟು ಹೇಗಿತ್ತು, ಅದು ಎಲ್ಲಿ ಕಡಿದುಹೋಯಿತು ಎಂಬುದನ್ನು ತಿಳಿದರೆ ಇಂದಿನ ಇಟಗಿಯ ಸ್ಥಿತಿ ಅರ್ಥವಾಗುತ್ತದೆ.

ದಂಡನಾಯಕನ ಕೆಲಸ

ದೇವಾಲಯವನ್ನು ಕಟ್ಟಿಸಿದವನು ಮಹಾದೇವ ದಂಡನಾಯಕ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಸೇನಾಧಿಕಾರಿಗಳಲ್ಲಿ ಒಬ್ಬ. ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶಕ ವರ್ಷದ ಬದಲು ತನ್ನದೇ ಆದ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ. ಆ ಲೆಕ್ಕದ 37ನೆಯ ವರ್ಷದಲ್ಲಿ, ಅಂದರೆ 1112ರಲ್ಲಿ, ಇಟಗಿಯ ಶಾಸನ ಹುಟ್ಟಿತು. ಆಗ ಊರಿನ ಹೆಸರು ಇಟ್ಟಗೆ. ಅದು ಬೆಳ್ವೊಲ 300 ಎಂಬ ನಾಡಿಗೆ ಸೇರಿತ್ತು. ಇಂದಿನ ಗದಗ, ಕೊಪ್ಪಳ ಜಿಲ್ಲೆಗಳ ಎರೆಸೀಮೆಯ ಬಹುಭಾಗ ಈ ಬೆಳ್ವೊಲದಲ್ಲಿತ್ತು.

ಮಹಾದೇವ ಒಂದು ಗುಡಿ ಕಟ್ಟಿ ಸುಮ್ಮನಾಗಲಿಲ್ಲ. ಮುಖ್ಯ ಗುಡಿಯ ಸುತ್ತ 13 ಚಿಕ್ಕ ಗುಡಿಗಳು, ಪ್ರತಿಯೊಂದರಲ್ಲೂ ಒಂದು ಲಿಂಗ. ತಂದೆಯ ಹೆಸರಿನಲ್ಲಿ ಮೂರ್ತಿನಾರಾಯಣ ಗುಡಿ, ತಾಯಿಯ ಹೆಸರಿನಲ್ಲಿ ಚಂದ್ರಲೇಶ್ವರಿ ಗುಡಿ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪುಷ್ಕರಣಿ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ ಎಂಬ ಗಾದೆಯನ್ನು ಎರೆಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಹೊಸದಾಗಿ ಜನ ಸೇರಬೇಕಾದರೆ ಮೊದಲು ನೀರು ಬೇಕು.

ದೇವಾಲಯದ ನಕ್ಷೆಗೆ ಮಾದರಿಯಾದದ್ದು ಅಣ್ಣಿಗೇರಿಯಲ್ಲಿ 1050ರ ಸುಮಾರಿಗೆ ಕಟ್ಟಿದ ಅಮೃತೇಶ್ವರ ದೇವಾಲಯ ಎಂಬುದು ವಿದ್ವಾಂಸರ ಅಭಿಪ್ರಾಯ. ಆದರೆ 60 ವರ್ಷಗಳ ಅಂತರದಲ್ಲಿ ಶಿಲ್ಪಿಗಳ ಕೈ ಬಹಳ ಪಳಗಿತ್ತು. ಇಟಗಿಯ ಬಾಗಿಲುವಾಡಗಳು, ಮಕರತೋರಣ, ನವರಂಗದ ಕಂಬಗಳು, ಮೂರು ಅಂತಸ್ತಿನ ಶಿಖರದ ಮೇಲಿನ ಕೀರ್ತಿಮುಖಗಳನ್ನು ನೋಡಿದರೆ ಇದು ತಿಳಿಯುತ್ತದೆ. ಶಿಖರದ ತುದಿಯ ಕಳಶ ಇಂದು ಉಳಿದಿಲ್ಲ.

ಕಲ್ಲು ಬಂದ ದಾರಿ

ಕೊಪ್ಪಳದ ಸುತ್ತ ಕಲ್ಲಿಗೆ ಬರವಿಲ್ಲ. ಕೋಟೆಯ ಗುಡ್ಡವೂ ಗವಿಮಠದ ಗುಡ್ಡವೂ ಗಟ್ಟಿ ಗ್ರಾನೈಟ್ ಬಂಡೆಗಳೇ. ಆದರೆ ಅಂಥ ಬಂಡೆಯಲ್ಲಿ ಬಳ್ಳಿ, ಮಣಿಸರ, ಸಣ್ಣ ಬೊಂಬೆಗಳನ್ನು ಕೆತ್ತುವುದು ಕಷ್ಟ. ಬಾದಾಮಿಯ ಹಳೆಯ ಚಾಲುಕ್ಯರು ಮಲಪ್ರಭೆಯ ದಡದ ಮರಳುಗಲ್ಲಿನಲ್ಲಿ ಕೆಲಸ ಮಾಡಿದ್ದರು. ಕಲ್ಯಾಣದವರ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿದರು. ಗಣಿಯಿಂದ ತೆಗೆದಾಗ ಇದು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಕ್ರಮೇಣ ಗಟ್ಟಿಯಾಗುತ್ತದೆ. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ಲು ಪ್ರದೇಶಗಳಲ್ಲಿ ಈ ಜಾತಿಯ ಕಲ್ಲು ಹೇರಳ.

ಅಂದರೆ ಇಟಗಿಯ ಚೆಲುವಿಗೆ ಕಾರಣವಾದ ಕಲ್ಲು ಇಟಗಿಯದಲ್ಲ. ಅದನ್ನು ಪಶ್ಚಿಮದಿಂದ ಬಂಡಿಯ ಮೇಲೆ ಹೇರಿ ತರಬೇಕಾಗಿತ್ತು. ಕಲ್ಲು ಬಂತೆಂದರೆ ಬಂಡಿ, ಎತ್ತು, ಹಗ್ಗ, ಹಗ್ಗ ಹೊಸೆಯುವವರು, ದಾರಿಯಲ್ಲಿ ಎತ್ತಿಗೆ ಹೊಟ್ಟು ಮೇವು ಮಾರುವವರು ಎಲ್ಲರೂ ಬಂದರು. ಉಳಿಯ ಮೊನೆ ಮೊಂಡಾದಂತೆಲ್ಲ ಹರಿತ ಮಾಡಲು ಕಮ್ಮಾರನ ಕುಲುಮೆ ಪಕ್ಕದಲ್ಲೇ ಇರಬೇಕು. ನಯವಾದ ದುಂಡು ಕಂಬಗಳನ್ನು ತಿರುಗಣಿಯ ಮೇಲೆ ಕಡೆಯಲಾಗಿದೆ. ಆ ತಿರುಗಣಿಗೆ ಮರ ಬೇಕು, ಬಡಗಿ ಬೇಕು. ಈ ಕೆಲಸಗಾರರು, ಅವರ ಹೆಂಡಿರು ಮಕ್ಕಳು ಉಣ್ಣಲು ಜೋಳ, ಬೇಳೆ, ಎಣ್ಣೆ ಬೇಕು. ದೇವರ ಪ್ರತಿಷ್ಠೆಯಾಗುವ ಮೊದಲೇ ಇಂಥ ಊರಿನಲ್ಲಿ ಪೇಟೆಯೊಂದು ಕೂಡಿರುತ್ತಿತ್ತು.

ದೀಪದ ಎಣ್ಣೆಯ ಲೆಕ್ಕ

ಗುಡಿ ಕಟ್ಟಿದ ಮೇಲೆ ಅದನ್ನು ನಡೆಸುವ ಖರ್ಚು ಶುರುವಾಗುತ್ತದೆ. ಈ ಭಾಗದ 11, 12ನೆಯ ಶತಮಾನದ ದಾನಶಾಸನಗಳನ್ನು ಓದುವಾಗ ಕೆಲವು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲನೆಯದು ಅಂಗಭೋಗ: ದೇವರ ಸ್ನಾನ, ಗಂಧ, ಹೂವು, ದೀಪ, ನೈವೇದ್ಯದ ವೆಚ್ಚ. ಎರಡನೆಯದು ರಂಗಭೋಗ: ದೇವರ ಮುಂದೆ ನಡೆಯುವ ಹಾಡು, ವಾದ್ಯ, ನೃತ್ಯದ ವೆಚ್ಚ. ಮೂರನೆಯದು ಖಂಡಸ್ಫುಟಿತ ಜೀರ್ಣೋದ್ಧಾರ: ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಪಡಿಸುವ ವೆಚ್ಚ. ನಾಲ್ಕನೆಯದು ತಪೋಧನರು, ವಿದ್ಯಾರ್ಥಿಗಳು, ಪರಸ್ಥಳದಿಂದ ಬಂದವರ ಊಟ ವಸತಿ.

ಈ ನಾಲ್ಕಕ್ಕೂ ದಾನಿಗಳು ಹೊಲ, ತೋಟ, ಗಾಣ, ಸುಂಕದ ಪಾಲು ಬಿಟ್ಟುಕೊಡುತ್ತಿದ್ದರು. ಹೊಲವನ್ನು ಮತ್ತರಿನ ಲೆಕ್ಕದಲ್ಲಿ ಅಳೆದು, ನಾಲ್ಕು ದಿಕ್ಕಿನ ಗಡಿ ಹೇಳಿ ಶಾಸನದಲ್ಲಿ ಬರೆಸುತ್ತಿದ್ದರು. ಪೂಜಾರಿಗೆ ಇಷ್ಟು, ಹೂವು ಕಟ್ಟುವವನಿಗೆ ಇಷ್ಟು, ಮದ್ದಳೆಯವನಿಗೆ ಇಷ್ಟು, ನರ್ತಕಿಯರಿಗೆ ಇಷ್ಟು ಎಂದು ಪಾಲು ಹಂಚಿದ ಶಾಸನಗಳು ಕನ್ನಡ ನಾಡಿನಲ್ಲಿ ಸಾಕಷ್ಟಿವೆ. ಕಲಾವಿದರಿಗೆ ಇದು ಭಿಕ್ಷೆಯಲ್ಲ, ಕೆಲಸಕ್ಕೆ ತಕ್ಕ ಜೀವನಾಧಾರ. ಮಳೆ ಕೈಕೊಟ್ಟ ವರ್ಷದಲ್ಲೂ ಮದ್ದಳೆ ಬಾರಿಸುವವನು ಊರು ಬಿಟ್ಟು ಹೋಗದಂತೆ ಮಾಡುವ ಉಪಾಯ.

ವ್ಯಾಪಾರಿಗಳೂ ಕೈ ಜೋಡಿಸುತ್ತಿದ್ದರು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ಈ ಕಾಲದ ಶಾಸನಗಳಲ್ಲಿ ಎಲ್ಲೆಡೆ ಬರುತ್ತದೆ. ಅಡಿಕೆ, ಎಲೆ, ಮೆಣಸು, ಬಟ್ಟೆ, ದವಸದ ಹೇರಿನ ಮೇಲೆ ಇಂತಿಷ್ಟು ಎಂದು ದೇವರಿಗೆ ಕೊಡುವುದು ಅವರ ಪದ್ಧತಿ. ಗಾಣಿಗರ ಸಂಘದ ಹೆಸರು ತೆಲ್ಲಿಗರ ಐವತ್ತೊಕ್ಕಲು. ನಂದಾದೀಪಕ್ಕೆ ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂಬುದು ಅವರು ಬರೆಸುತ್ತಿದ್ದ ಕರಾರು. ದೇವಾಲಯ ಇದ್ದ ಕಡೆ ಸಂತೆ ಕೂಡುತ್ತಿತ್ತು. ಸಂತೆ ಕೂಡಿದ ಕಡೆ ಸುಂಕ ಬರುತ್ತಿತ್ತು. ಆ ಸುಂಕದ ಒಂದು ಪಾಲು ಮತ್ತೆ ದೇವಾಲಯಕ್ಕೆ ಬಂದು ಕೆಲಸಗಾರರ ಮನೆ ಸೇರುತ್ತಿತ್ತು.

ಇಟಗಿ ಇದ್ದ ಜಾಗವೂ ಇದಕ್ಕೆ ಅನುಕೂಲವಾಗಿತ್ತು. ಪಶ್ಚಿಮಕ್ಕೆ ಲೊಕ್ಕಿಗುಂಡಿ, ಇಂದಿನ ಲಕ್ಕುಂಡಿ. ಅಲ್ಲಿ ಟಂಕಸಾಲೆ ಇತ್ತು. ಲೊಕ್ಕಿ ಗದ್ಯಾಣ ಎಂಬ ಹೊನ್ನಿನ ನಾಣ್ಯಕ್ಕೆ ಹೆಸರಾಗಿತ್ತು. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು ಅಲ್ಲಿಯೇ. ಏಳೆಂಟು ಕಿ.ಮೀ. ದೂರದಲ್ಲಿ ಕುಕನೂರು, ರಾಷ್ಟ್ರಕೂಟರ ಕಾಲದ ನವಲಿಂಗ ದೇವಾಲಯ ಮತ್ತು ಮಹಾಮಾಯೆಯ ಊರು. ಅದರಾಚೆ ಎರಂಬರಗೆ, ಇಂದಿನ ಯಲಬುರ್ಗಾ, ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ. ಪೂರ್ವಕ್ಕೆ ಜೈನರ ದೊಡ್ಡ ತೀರ್ಥವಾಗಿದ್ದ ಕೊಪಣ, ಇಂದಿನ ಕೊಪ್ಪಳ. ಹೀಗೆ ನಾಣ್ಯ, ಅಧಿಕಾರ, ಯಾತ್ರೆ ಮೂರೂ ಇದ್ದ ಸೀಮೆಯ ನಡುವೆ ಇಟಗಿ ಇತ್ತು.

ದಾರಿಹೋಕನಿಗೆ ನೀರು, ನೆರಳು, ಅನ್ನ

ಇಷ್ಟು ದಾರಿಗಳು ಇದ್ದ ಮೇಲೆ ದಾರಿಹೋಕರೂ ಇರುತ್ತಾರೆ. ಅಂದಿನ ಪ್ರಯಾಣ ಕಾಲ್ನಡಿಗೆ ಅಥವಾ ಬಂಡಿಯದು. ದಿನಕ್ಕೆ ನಾಲ್ಕೈದು ಹರದಾರಿ ನಡೆದರೆ ಹೆಚ್ಚು. ಸಂಜೆ ಹೊತ್ತಿಗೆ ಒಂದು ಊರು, ಆ ಊರಿನಲ್ಲಿ ತಲೆ ಮೇಲೊಂದು ಸೂರು ಸಿಗಲೇಬೇಕು. ಇದಕ್ಕೆ ಮೂರು ಏರ್ಪಾಟುಗಳಿದ್ದವು. ಹಾದಿಯ ಬದಿಯಲ್ಲಿ ನೀರು ಕೊಡುವ ಅರವಟ್ಟಿಗೆ; ಅನ್ನ ಹಾಕುವ ಸತ್ರ; ಉಳಿಯಲು ಜಾಗ ಕೊಡುವ ಮಠ. ಮೂರಕ್ಕೂ ದಾನ ಬಿಟ್ಟ ಶಾಸನಗಳಿವೆ. ಬಿಸಿಲಿನ ಸೀಮೆಯಲ್ಲಿ ಅರವಟ್ಟಿಗೆ ಇಡಿಸುವುದು ಗುಡಿ ಕಟ್ಟಿಸುವಷ್ಟೇ ದೊಡ್ಡ ಪುಣ್ಯ ಎಂದು ಜನ ನಂಬಿದ್ದರು.

ಮಠಗಳ ಉಪಚಾರ ಹೇಗಿತ್ತು ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿದೆ. ಅಲ್ಲಿನ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ಇಟಗಿಯ ಶಾಸನಕ್ಕಿಂತ 50 ವರ್ಷ ಈಚಿನದು. ದೀನರು, ಅನಾಥರು, ಕುಂಟರು, ಕುರುಡರಿಗೆ ಅಲ್ಲಿ ಅನ್ನವಿತ್ತು. ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರಿಗೂ ಇತ್ತು. ನಾನಾ ದೇಶಗಳಿಂದ ಬರುವ ಸನ್ಯಾಸಿಗಳಿಗೆ, ಅವರಲ್ಲಿ ಬೇರೆ ಮತದವರಿಗೂ, ಊಟ ಸಿಗುತ್ತಿತ್ತು. ರೋಗಿಗಳಿಗೆ ಔಷಧವಿತ್ತು. ಶೈವ ಮಠವೊಂದು ಜೈನ ಭಿಕ್ಷುವಿಗೂ ಬಾಗಿಲು ತೆರೆದಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಇಟಗಿಯ ಮುಖಮಂಟಪದಲ್ಲಿ ಇಂದಿಗೂ ಸುತ್ತ ಒರಗುವ ಕಲ್ಲಿನ ಕಟ್ಟೆ ಇದೆ. ಶಿಲ್ಪಶಾಸ್ತ್ರದಲ್ಲಿ ಅದರ ಹೆಸರು ಕಕ್ಷಾಸನ. ಮೋಟು ಕಂಬಗಳು ಅದರ ಮೇಲೆ ನಿಂತಿವೆ. ಮೂರು ಕಡೆಯಿಂದ ಗಾಳಿ ಬರುವ ಈ ತೆರೆದ ಮಂಟಪದಲ್ಲಿ ಜನ ಕುಳಿತು ಪುರಾಣ ಕೇಳಲು, ನೃತ್ಯ ನೋಡಲು, ಬಿಸಿಲ ಹೊತ್ತಿನಲ್ಲಿ ದಣಿವು ಆರಿಸಿಕೊಳ್ಳಲು ಅನುಕೂಲವಿದೆ. ಬಂದವರನ್ನು ಕೂರಿಸುವ ಉದ್ದೇಶ ಕಟ್ಟಡದ ರಚನೆಯಲ್ಲೇ ಸೇರಿದೆ.

ಗಡಿಯ ಅಂಚಿಗೆ ಸರಿದ ಊರು

ಈ ಏರ್ಪಾಟು ಒಂದೇ ದಿನದಲ್ಲಿ ಮುರಿದುಬೀಳಲಿಲ್ಲ. 1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡ. ಮುಂದಿನ 30 ವರ್ಷಗಳಲ್ಲಿ ಕಳಚುರಿ ಬಿಜ್ಜಳ ಕಲ್ಯಾಣವನ್ನು ಹಿಡಿದ. ಶತಮಾನದ ಕೊನೆಗೆ ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ಬೆಳ್ವೊಲಕ್ಕಾಗಿ ಕಾದಾಡಿದರು. 1192ರ ವೇಳೆಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಲೊಕ್ಕಿಗುಂಡಿಯಲ್ಲೇ ಬೀಡುಬಿಟ್ಟಿದ್ದ. ಸೈನ್ಯಗಳು ಓಡಾಡುವ ದಾರಿಯಲ್ಲಿ ವರ್ತಕರ ಹೇರುಗಳು ಕಡಿಮೆಯಾಗುವುದು ಸಹಜ. 14ನೆಯ ಶತಮಾನದಲ್ಲಿ ತುಂಗಭದ್ರೆಯ ದಡದಲ್ಲಿ ವಿಜಯನಗರ ಎದ್ದ ಮೇಲೆ ಹಣ, ಶಿಲ್ಪಿ, ಯಾತ್ರಿಕ ಎಲ್ಲರ ಗಮನ ಆ ಕಡೆ ತಿರುಗಿತು.

ಕೊನೆಯ ಪೆಟ್ಟು ಕೊಟ್ಟದ್ದು ಗಡಿಗೆರೆ. ಬ್ರಿಟಿಷರ ಕಾಲದಲ್ಲಿ ಗದಗ, ಲಕ್ಕುಂಡಿ ಮುಂಬೈ ಪ್ರಾಂತಕ್ಕೆ ಸೇರಿದವು. ಇಟಗಿ ಹೈದರಾಬಾದ್ ನಿಜಾಮರ ಸಂಸ್ಥಾನದ ನೈಋತ್ಯ ಅಂಚಿನಲ್ಲಿ ಉಳಿಯಿತು. ಕೊಪ್ಪಳ, ಯಲಬುರ್ಗಾ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರು. ಒಮ್ಮೆ ಒಂದೇ ನಾಡಾಗಿದ್ದ ಬೆಳ್ವೊಲದ ಊರುಗಳು ಬೇರೆ ಬೇರೆ ನಾಣ್ಯ, ಬೇರೆ ಬೇರೆ ಸುಂಕದ ಕಟ್ಟೆಗಳ ಕೆಳಗೆ ಬಂದವು. ಅವು ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆಮೇಲೂ ಇಟಗಿ ರಾಯಚೂರು ಜಿಲ್ಲೆಯ ದೂರದ ಮೂಲೆಯಾಗಿಯೇ ಇತ್ತು. 1997ರಲ್ಲಿ ಕೊಪ್ಪಳ ಜಿಲ್ಲೆ ಬಂತು. ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಊರು ಈಗ ಕುಕನೂರು ತಾಲ್ಲೂಕಿನಲ್ಲಿದೆ.

ಹೊರಗಿನ ಪಂಡಿತರು ಇಟಗಿಯನ್ನು ಮರೆಯಲಿಲ್ಲ. ಇಲ್ಲಿನ ಕೆತ್ತನೆಗಿಂತ ಬೆಳ್ಳಿ ಬಂಗಾರದ ಕೆಲಸವೂ ಸೂಕ್ಷ್ಮವಾಗಿರಲಾರದು ಎಂಬ ಅರ್ಥದ ಮಾತನ್ನು ಮೆಡೋಸ್ ಟೇಲರ್ 19ನೆಯ ಶತಮಾನದಲ್ಲೇ ಬರೆದ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ 1926ರಲ್ಲಿ ಗ್ರಂಥ ಪ್ರಕಟಿಸಿದ ಹೆನ್ರಿ ಕಸಿನ್ಸ್, ಕನ್ನಡ ನಾಡಿನಲ್ಲಿ ಹಳೇಬೀಡಿನ ನಂತರದ ಸ್ಥಾನವನ್ನು ಇದಕ್ಕೇ ಕೊಟ್ಟ. ಇಂದು ದೇವಾಲಯ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಹಳೆಯ ಶಾಸನಗಳ ನಾಲ್ಕು ಬಾಬುಗಳಲ್ಲಿ ಜೀರ್ಣೋದ್ಧಾರದ ಬಾಬು ಹೀಗೆ ಸರ್ಕಾರದ ಪಾಲಾಯಿತು. ರಂಗಭೋಗ ಮತ್ತು ಅತಿಥಿ ಸತ್ಕಾರದ ಬಾಬುಗಳಿಗೆ ಅಂಥ ಖಾಯಂ ವಾರಸುದಾರರು ಸಿಗಲಿಲ್ಲ.

ಗಿರಾಕಿ ಬದಲಾದರೂ ಉಳಿದ ಕಲೆ

ಇದೇ ಜಿಲ್ಲೆಯ ಕಿನ್ನಾಳದ ಕಥೆ ಸ್ವಲ್ಪ ಬೇರೆ. ಕೊಪ್ಪಳದಿಂದ 12–13 ಕಿ.ಮೀ. ದೂರದ ಈ ಊರಿನಲ್ಲಿ ಚಿತ್ರಗಾರ ಮನೆತನಗಳು ಹಗುರವಾದ ಮರದಲ್ಲಿ ದೇವರ ಮೂರ್ತಿ, ಗೊಂಬೆ, ಪ್ರಾಣಿ ಪಕ್ಷಿಗಳನ್ನು ಮಾಡುತ್ತವೆ. ಮರದ ತುಂಡುಗಳನ್ನು ಜೋಡಿಸಲು ಬಳಸುವ ಅಂಟಿನ ಹೆಸರು ಕಿಟ್ಟ. ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಸರಿ ಇವುಗಳಿಂದ ಅದನ್ನು ತಯಾರಿಸುತ್ತಾರೆ. ಆಮೇಲೆ ಬಟ್ಟೆ ಅಂಟಿಸಿ, ಬಿಳಿ ಲೇಪ ಹಚ್ಚಿ, ಉಬ್ಬು ಕೆಲಸದಿಂದ ಒಡವೆ ಮೂಡಿಸಿ ಬಣ್ಣ ಹಾಕುತ್ತಾರೆ. ಹುಣಸೆ ಈ ಒಣ ಸೀಮೆಯ ಮರ. ಅದರ ಬೀಜವೇ ಕಸುಬಿನ ಬಂಡವಾಳ.

ಈ ಕಲಾವಿದರ ಪೂರ್ವಜರು ವಿಜಯನಗರದಲ್ಲಿ ಕೆಲಸ ಮಾಡಿದವರು, ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳಲ್ಲಿ ಅವರ ಕೈ ಇದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಅರಸರು ಹೋದ ಮೇಲೆ ಅವರು ಊರೂರಿನ ಗುಡಿಗಳಿಗೆ ಉತ್ಸವಮೂರ್ತಿ ಮಾಡಿದರು, ಚೌತಿಗೆ ಗಣಪತಿ ಮಾಡಿದರು, ಮನೆಯ ಮಕ್ಕಳಿಗೆ ಗೊಂಬೆ ಮಾಡಿದರು, ಈಗ ನಗರದವರ ಷೋಕೇಸಿಗೂ ಮಾಡುತ್ತಾರೆ. ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೂ ಕಸುಬು ಹಿಡಿದ ಕುಟುಂಬಗಳು ಕಡಿಮೆಯಾಗಿವೆ. ಮರ ಸುಲಭವಾಗಿ ಸಿಗುವುದಿಲ್ಲ, ಒಂದು ಗೊಂಬೆಗೆ ಹಿಡಿಯುವ ದಿನಗಳಿಗೆ ತಕ್ಕ ಬೆಲೆ ಬರುವುದಿಲ್ಲ. ಕಲೆ ಉಳಿಯಲು ಕೈಚಳಕ ಮಾತ್ರ ಸಾಲದು, ಬಾಗಿಲಿಗೆ ಬರುವ ಗಿರಾಕಿಯೂ ಬೇಕು.

ನದಿಯ ದಡದ ಪಾಠ

ಗಿರಾಕಿ ಬಂದರಷ್ಟೇ ಎಲ್ಲವೂ ಸರಿಹೋಗುತ್ತದೆಯೇ? ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಗಂಗಾವತಿ ತಾಲ್ಲೂಕಿನಲ್ಲಿ, ಇದಕ್ಕೆ ಎರಡು ಬಗೆಯ ಉತ್ತರಗಳಿವೆ. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ ಪ್ರವಾಸಿಗರಿಗಾಗಿ ಹೋಟೆಲು, ಗುಡಿಸಲು ವಸತಿಗಳು ಸಾಲುಸಾಲಾಗಿ ಎದ್ದವು. ವ್ಯಾಪಾರ ಜೋರಾಗಿತ್ತು. ಆದರೆ ಸ್ಮಾರಕ ರಕ್ಷಣೆಯ ಕಾನೂನಿಗೆ ಅವು ಒಪ್ಪುವಂತಿರಲಿಲ್ಲ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಯಂತ್ರಗಳು ಬಂದವು. ಅಲ್ಲಿ ಅಡುಗೆ, ಚಾಕರಿ ಮಾಡಿಕೊಂಡಿದ್ದವರ ಸಂಪಾದನೆಯೂ ಕಟ್ಟಡಗಳ ಜೊತೆಗೇ ಹೋಯಿತು.

ಪಕ್ಕದ ಆನೆಗೊಂದಿಯಲ್ಲಿ ನಡೆದದ್ದು ಇನ್ನೊಂದು ಪ್ರಯೋಗ. ಕಿಷ್ಕಿಂದ ಟ್ರಸ್ಟ್ ಎಂಬ ಸಂಸ್ಥೆ 1990ರ ದಶಕದ ಕೊನೆಯಿಂದ ಊರಿನ ಹೆಂಗಸರಿಗೆ ಬಾಳೆನಾರಿನ ಕರಕುಶಲ ಕಲಿಸಿತು. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ಬಾಳೆದಿಂಡು ಚೀಲ, ಚಾಪೆಗಳಾಗಿ ಮಾರಾಟವಾಯಿತು. ಹಳೆಯ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗಳನ್ನು ಇರಿಸಿಕೊಳ್ಳುವ ಪದ್ಧತಿಯೂ ಬೆಳೆಯಿತು. ಇಲ್ಲಿ ಕೆಲಸ, ಕಲೆ, ವಸತಿ ಮೂರೂ ಊರಿನವರ ಕೈಯಲ್ಲೇ ಉಳಿದವು. ಹೊಸ ಕಟ್ಟಡ ಕಟ್ಟದೆ ಹಳೆಯ ಮನೆಯಲ್ಲೇ ಜಾಗ ಮಾಡಿದ್ದರಿಂದ ಸ್ಮಾರಕಗಳಿಗೂ ಧಕ್ಕೆಯಾಗಲಿಲ್ಲ.

ಮತ್ತೆ ಇಟಗಿಗೆ

ಇಟಗಿಯ ಸುತ್ತ ಈಗ ಚಲನೆ ಹೆಚ್ಚಿದೆ. ದಶಕಗಳ ಕನಸಾಗಿದ್ದ ಗದಗ–ವಾಡಿ ರೈಲು ಮಾರ್ಗದಲ್ಲಿ ತಳಕಲ್, ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಯವರೆಗೆ 2025ರಲ್ಲಿ ರೈಲು ಓಡತೊಡಗಿತು. ಅದೇ ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕೈಗಾರಿಕೆ ಸಂಕುಲಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಮರದ ಗೊಂಬೆಯ ಕಿನ್ನಾಳ ಇರುವ ಜಿಲ್ಲೆಯಲ್ಲೇ ಯಂತ್ರದ ಗೊಂಬೆಗಳೂ ತಯಾರಾಗುವ ಕಾಲ ಬಂದಿದೆ.

ರೈಲು ಜನರನ್ನು ಕರೆತರಬಹುದು. ಬಂದವರನ್ನು ಅರ್ಧ ಗಂಟೆಯ ಬದಲು ಒಂದು ದಿನ ಉಳಿಸಿಕೊಳ್ಳುವ ಕೆಲಸ ಊರಿನದು, ಆಡಳಿತದ್ದು. ಅದಕ್ಕೆ ದೊಡ್ಡ ಹೋಟೆಲು ಬೇಕಾಗಿಲ್ಲ. ನಾಲ್ಕು ಮನೆಗಳಲ್ಲಿ ಶುಚಿಯಾದ ಕೋಣೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣಗಾಯಿ ಹಾಕುವ ಒಂದು ಖಾನಾವಳಿ, ಕಿನ್ನಾಳದ ಗೊಂಬೆ ಇಡುವ ಒಂದು ಅಂಗಡಿ, ಶಾಸನದಲ್ಲಿ ಏನಿದೆ ಎಂದು ಹೇಳಬಲ್ಲ ಊರಿನ ಇಬ್ಬರು ಹುಡುಗ ಹುಡುಗಿಯರು. ರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಎಂಬ ಕಾನೂನಿದೆ. ಇರುವ ಮನೆಗಳನ್ನೇ ಬಳಸಿದರೆ ಆ ಕಾನೂನಿನ ಜೊತೆ ಜಗಳವೂ ಬರುವುದಿಲ್ಲ.

ಅಂದಿನ ದಾನಿಗಳು ದೀಪದ ಎಣ್ಣೆಗೆ, ಮದ್ದಳೆಯವನ ಹೊಟ್ಟೆಗೆ, ಒಡೆದ ಕಲ್ಲಿನ ದುರಸ್ತಿಗೆ, ಬಂದವರ ಊಟಕ್ಕೆ ಒಂದೇ ಶಾಸನದಲ್ಲಿ ಜಾಗ ಮಾಡಿದ್ದರು. ಒಂದನ್ನು ಬಿಟ್ಟು ಇನ್ನೊಂದು ನಡೆಯದು ಎಂಬುದು ಅವರಿಗೆ ತಿಳಿದಿತ್ತು. ಇಟಗಿಯಲ್ಲಿ ಇಂದು ಕಲ್ಲಿನ ದುರಸ್ತಿಗೆ ಇಲಾಖೆ ಇದೆ. ಉಳಿದ ಬಾಬುಗಳು ಭರ್ತಿಯಾಗಲು ಕಾದಿವೆ.